ನೆರೆಮನೆಯ ನಾಯಿಯೂ ರಾತ್ರಿ ಪಾಳಿಯ ಕಾರ್ಮಿಕನೂ

ಸಂಘದ ಪತ್ರಿಕೆಯಲ್ಲಿ ನಾಯಿಯ ವಿಷಯ ಬರೆಯುವುದೇ ಎಂದು ಕೆಲವರು ನಕ್ಕಾರು. ಸಂಬಳ, ಬೋನಸು, ವಾರದ ರಜೆ, ಪ್ರಾವಿಡೆಂಟ್ ಫಂಡು ಇವೆಲ್ಲ ಇತ್ಯರ್ಥವಾಗದೆ ಬಿದ್ದಿರುವಾಗ ನಾಯಿಗೆ ಇಷ್ಟು ಜಾಗ ಕೊಡಬೇಕೇ ಎಂದು ಸಂಪಾದಕರನ್ನು ಕೇಳುವವರೂ ಇದ್ದಾರೆ. ಅವರಲ್ಲಿ ನನ್ನದೊಂದು ಮರುಪ್ರಶ್ನೆ. ಹನ್ನೆರಡು ತಾಸು ನಿಂತು ದುಡಿದು, ಭಟ್ಟಿ ಆರಿಸಿ, ಮೇಜು ಒರೆಸಿ, ಕೊನೆಯ ಲೋಕಲ್ ಹಿಡಿದು ರಾತ್ರಿ ಒಂದೂವರೆಗೆ ಬಂದಿಳಿಯುವ ಮನುಷ್ಯ ತನ್ನ ಖೋಲಿಯ ಬಾಗಿಲ ತನಕ ನಿರ್ಭಯವಾಗಿ ನಡೆದುಹೋಗಲಾರನೆಂದರೆ, ಅದು ಕಾರ್ಮಿಕನ ಪ್ರಶ್ನೆಯಲ್ಲದೆ ಮತ್ತಾರ ಪ್ರಶ್ನೆ? ಹತ್ತು ಗಂಟೆಗೆ ಊಟ ಮಾಡಿ ಮಲಗುವವರಿಗೆ ಆ ನಾಯಿ ಕಾಣುವುದೇ ಇಲ್ಲ. ಅವರು ಏಳುವ ಹೊತ್ತಿಗೆ ಅದನ್ನು ಮತ್ತೆ ಸರಪಳಿಗೆ ಹಾಕಿ ಆಗಿರುತ್ತದೆ. ಅದು ಬಿಡುವಾಗಿರುವ ಹೊತ್ತೂ ನಾವು ಬರುವ ಹೊತ್ತೂ ಒಂದೇ ಆಗಿರುವುದರಿಂದ, ಹೊಟೇಲಿನವನು, ಆಸ್ಪತ್ರೆಯ ರಾತ್ರಿ ಆಯಾ, ವಾಚ್‌ಮನ್, ಬೆಳಗಿನ ಜಾವ ಹಾಲು ತರುವವನು, ಇಷ್ಟು ಜನಕ್ಕೆ ಮಾತ್ರ ಅದು ಪರಿಚಯ.

ಮೊದಲು ಒಂದು ಮಾತು ಸ್ಪಷ್ಟವಾಗಿರಲಿ. ನಾನು ಹೇಳಹೊರಟದ್ದು ಬೀದಿನಾಯಿಗಳ ವಿಷಯವಲ್ಲ. ಬೀದಿನಾಯಿಗಳ ಕುರಿತು 2025ನೇ ಇಸವಿಯ ಆಗಸ್ಟ್ ತಿಂಗಳಲ್ಲಿ ಸುಪ್ರೀಂ ಕೋರ್ಟಿನಲ್ಲಿ ನಡೆದ ವಾದವನ್ನು ನಮ್ಮ ಗಿರಾಕಿಗಳು ಇಡ್ಲಿಯ ಜೊತೆಗೆ ಜಗಿದದ್ದನ್ನು ನೀವೆಲ್ಲ ಕೇಳಿದ್ದೀರಿ. 11ನೇ ತಾರೀಖು ಒಂದು ಪೀಠ, ದಿಲ್ಲಿ ಮತ್ತು ಸುತ್ತಲಿನ ನಾಯಿಗಳನ್ನೆಲ್ಲ ಹಿಡಿದು ದೊಡ್ಡಿಗೆ ಹಾಕಿ ಎಂದಿತು. 22ನೇ ತಾರೀಖು ಇನ್ನೊಂದು ಪೀಠ ಅದನ್ನು ತಿದ್ದಿ, ಸಂತಾನಹರಣ ಮಾಡಿ ಲಸಿಕೆ ಹಾಕಿ ಹಿಡಿದಲ್ಲಿಗೇ ಬಿಡಿ, ಹುಚ್ಚು ಹಿಡಿದವನ್ನೂ ಮೈಮೇಲೆ ಬೀಳುವಂಥವನ್ನೂ ಮಾತ್ರ ಬಿಡಬೇಡಿ ಎಂದಿತು. ಅದು ಒಡೆಯನಿಲ್ಲದ ನಾಯಿಯ ಮಾತು. ನಾನು ಹೇಳುವುದು ಕೊರಳಲ್ಲಿ ಪಟ್ಟಿಯಿರುವ, ಕೂಗುವುದಕ್ಕೆ ಹೆಸರಿರುವ, ಹಗಲೆಲ್ಲ ಕಟ್ಟಿಹಾಕಿ ರಾತ್ರಿ ಬಿಚ್ಚಿಬಿಡುವ ನಾಯಿಯ ವಿಷಯ. ಬಿಡಾಡಿ ನಾಯಿಗೆ ಪಾಲಿಕೆ ಉತ್ತರ ಕೊಡಬೇಕು, ಸಾಕಿದ ನಾಯಿಗೆ ಸಾಕಿದವನು ಉತ್ತರ ಕೊಡಬೇಕು. ಈ ಎರಡನ್ನು ಕಲಸಿಬಿಟ್ಟರೆ ಒಡೆಯನಿಗೆ ಜಾರಿಕೊಳ್ಳಲು ಬಹಳ ಅನುಕೂಲ. "ಊರೆಲ್ಲ ನಾಯಿಗಳಿವೆ, ನನ್ನದೊಂದೇ ನಿಮ್ಮ ಕಣ್ಣಿಗೆ ಬಿತ್ತೇ" ಎಂದು ಅವನು ಕೇಳುತ್ತಾನೆ. ಹೌದು, ನಿನ್ನದೊಂದೇ. ಯಾಕೆಂದರೆ ಅದರ ಸರಪಳಿಯ ಇನ್ನೊಂದು ತುದಿ ನಿನ್ನ ಕೈಯಲ್ಲಿದೆ.

ನಾನಿರುವ ಚಾಳಿನಲ್ಲಿ ಎರಡು ವರ್ಷದಿಂದ ಇಂಥ ಒಂದು ನಾಯಿಯಿದೆ. ಒಡೆಯನ ಹೆಸರು ಬರೆಯುವುದಿಲ್ಲ. ಪತ್ರಿಕೆ ಕೋರ್ಟಿನ ಕಟಕಟೆಯಲ್ಲ. ಅವನು ನಮ್ಮವನೇ, ನಮ್ಮ ಭಾಷೆಯವನೇ, ಸ್ವಂತ ದುಡಿಮೆಯಿಂದ ಎರಡು ಟೆಂಪೋ ಮಾಡಿಕೊಂಡವನು ಎಂದರೆ ಸಾಕು. ಆ ಟೆಂಪೋಗಳ ಬ್ಯಾಟರಿಯನ್ನು ಒಮ್ಮೆ ಕಳ್ಳರು ಎತ್ತಿಕೊಂಡು ಹೋದ ಮೇಲೆ ನಾಯಿ ತಂದ. ಹಗಲು ಗ್ಯಾಲರಿಯ ಕಂಬಕ್ಕೆ ಮೂರು ಅಡಿ ಸರಪಳಿಯಲ್ಲಿ ಕಟ್ಟುತ್ತಾನೆ. ಶಾಲೆಯಿಂದ ಬಂದ ಹುಡುಗರು ದೂರದಲ್ಲಿ ನಿಂತು ಕಡ್ಡಿ ತೋರಿಸಿ ಕೆಣಕುತ್ತಾರೆ. ಅದು ನೆಗೆಯುತ್ತದೆ, ಕುತ್ತಿಗೆ ಬಿಗಿದು ಮತ್ತೆ ಕೂರುತ್ತದೆ. ಹೀಗೆ ಹನ್ನೆರಡು ತಾಸು ಕೂತ ಪ್ರಾಣಿಯನ್ನು ರಾತ್ರಿ ಹನ್ನೊಂದಕ್ಕೆ ಬಿಚ್ಚಿ ಓಣಿಗೆ ಅಟ್ಟಿದರೆ ಅದು ಭಜನೆ ಮಾಡುತ್ತದೆಯೇ? ನನಗೆ ಆ ನಾಯಿಯ ಮೇಲೆ ಸಿಟ್ಟಿಲ್ಲ. ನಿಜ ಹೇಳಬೇಕೆಂದರೆ ಅದರ ಪಾಳಿ ನಮ್ಮ ಪಾಳಿಗಿಂತ ಕೆಟ್ಟದ್ದು. ನಮಗೆ ಮೂರರಿಂದ ಐದರ ತನಕವಾದರೂ ಬಿಡುವಿದೆ.

ಕಳೆದ ಮಳೆಗಾಲದಲ್ಲಿ ಅದು ಒಬ್ಬ ಹುಡುಗನ ಮೀನಖಂಡಕ್ಕೆ ಬಾಯಿ ಹಾಕಿತು. ಬೈಂದೂರಿನ ಕಡೆಯವನು, ಹೊಟೇಲಿನಲ್ಲಿ ಕ್ಲೀನರ್, ಮುಂಬಯಿಗೆ ಬಂದು ಎಂಟು ತಿಂಗಳು. ಕಡಿದ ಜಾಗಕ್ಕೆ ಅರಸಿನ ಮೆತ್ತಿ, ಹಳೆ ಪಂಚೆ ಹರಿದು ಕಟ್ಟಿ ಮಲಗಿದ. ಬೆಳಿಗ್ಗೆ ಆರಕ್ಕೆ ಎದ್ದು ಕೆಲಸಕ್ಕೆ ಹೋದ, ಖಾಡಾ ಮಾಡಿದರೆ ಪಗಾರ ಕಡಿತವೆಂಬ ಭಯಕ್ಕೆ. ಮೋರಿಯ ನೀರಿನಲ್ಲಿ ದಿನವಿಡೀ ನಿಂತ. ಎರಡನೆಯ ದಿನ ಅವನು ಕುಂಟುವುದನ್ನು ನೋಡಿದ ಅಡಿಗೆಯವರು ಬೈದು ಎಳೆದುಕೊಂಡು ಪಾಲಿಕೆಯ ಆಸ್ಪತ್ರೆಗೆ ಹೋದರು. ಸುದ್ದಿ ತಿಳಿದ ಒಡೆಯ ಸಂಜೆ ಐನೂರು ರೂಪಾಯಿ ಕಳಿಸಿದ. ಹುಡುಗ ತೆಗೆದುಕೊಂಡ. ಅಲ್ಲಿಗೆ ಲೆಕ್ಕ ಚುಕ್ತಾ ಆಯಿತೆಂದು ಚಾಳಿನವರೆಲ್ಲ ತಿಳಿದರು. ಆದರೆ ನಾಯಿ ಆ ರಾತ್ರಿಯೂ ಓಣಿಯಲ್ಲೇ ಇತ್ತು. ತಿಂಗಳು ಕಳೆಯುವುದರೊಳಗೆ ಗಿರಣಿಯಲ್ಲಿ ದುಡಿದು ಮುದುಕರಾದ ಒಬ್ಬರನ್ನು ಅಟ್ಟಿಸಿ, ಅವರು ಮೆಟ್ಟಿಲ ಮೇಲೆ ಬಿದ್ದು ಮಣಿಕಟ್ಟು ಮುರಿದುಕೊಂಡರು. ಅದಕ್ಕೆ ಐನೂರೂ ಬರಲಿಲ್ಲ, ಕಚ್ಚಲಿಲ್ಲವಲ್ಲ!

ಈಗ ನಮ್ಮ ಹುಡುಗರು ಕಂಡುಕೊಂಡಿರುವ ಉಪಾಯ ಕೇಳಿದರೆ ನಿಮಗೆ ನಗು ಬಂದೀತು, ನನಗಂತೂ ನಾಚಿಕೆಯಾಗುತ್ತದೆ. ಹೊಟೇಲಿನಿಂದ ಹೊರಡುವಾಗ ಕಾಗದದಲ್ಲಿ ಉಳಿದ ವಡೆ ಕಟ್ಟಿಕೊಂಡು ಬರುತ್ತಾರೆ. ಓಣಿಯ ಬಾಯಲ್ಲಿ ಅದನ್ನು ನಾಯಿಗೆ ಎಸೆದು, ಅದು ತಿನ್ನುವಷ್ಟರಲ್ಲಿ ಮೆಟ್ಟಿಲು ಹತ್ತುತ್ತಾರೆ. ದಿನಕ್ಕೊಂದು ವಡೆ ಹಫ್ತಾ! ಅದಕ್ಕೂ ರುಚಿ ಹತ್ತಿದೆ. ವಡೆ ತರದವನ ಚೀಲಕ್ಕೇ ಈಗ ಬಾಯಿ ಹಾಕುತ್ತದೆ. ಒಬ್ಬ ಕೊಟ್ಟ ಹಫ್ತಾ ಇನ್ನೊಬ್ಬನ ಮೇಲೆ ಸಾಲವಾಗುವುದು ಈ ನಗರದಲ್ಲಿ ಹೊಸದಲ್ಲ.

ಹಿರಿಯರು ಹೇಳುತ್ತಾರೆ, ಗಿರಣಿಗಳು ಓಡುತ್ತಿದ್ದ ಕಾಲದಲ್ಲಿ ಈ ತೊಂದರೆ ಇರಲಿಲ್ಲವೆಂದು. ನಾಯಿಗಳಿರಲಿಲ್ಲವೆಂದಲ್ಲ. ನಡುರಾತ್ರಿ ಪಾಳಿ ಬದಲಾಗುವಾಗ ಲಾಲ್‌ಬಾಗ್, ಪರೇಲಿನ ಬೀದಿಗಳಲ್ಲಿ ಹೋಗುವವರು ಬರುವವರು ಸೇರಿ ಜಾತ್ರೆಯಂತೆ ಇರುತ್ತಿತ್ತು. ಒಬ್ಬೊಬ್ಬನೇ ನಡೆಯುವ ಮಾತೇ ಇರಲಿಲ್ಲ. 1982ರ ಜನವರಿ 18ರಂದು ಸುರುವಾದ ಮುಷ್ಕರದ ಬಳಿಕ ಒಂದೊಂದೇ ಗಿರಣಿಯ ಭೊಂಗಾ ನಿಂತುಹೋಯಿತು. ಆ ಜನಸಂದಣಿಯೂ ಕರಗಿತು. ಈಗ ಆ ಬೀದಿಯಲ್ಲಿ ರಾತ್ರಿ ಒಂದೂವರೆಗೆ ನಡೆಯುವವನು ಹೊಟೇಲಿನ ಒಂಟಿ ಹುಡುಗ. ನಾಯಿಯ ಎದುರು ಗುಂಪಿನಲ್ಲಿ ಹೋಗುವುದಕ್ಕೂ ಒಂಟಿಯಾಗಿ ಹೋಗುವುದಕ್ಕೂ ಎಷ್ಟು ವ್ಯತ್ಯಾಸವಿದೆಯೆಂದು ಹೇಳಬೇಕಾಗಿಲ್ಲ. ದಣಿಯ ಎದುರು ಕೂಡ ಅಷ್ಟೇ.

ಒಡೆಯನ ಕಡೆಯ ಮಾತುಗಳನ್ನೂ ಕೇಳೋಣ. ಸಂಘದ ನಾಲ್ಕು ಮಂದಿ ಒಂದು ಭಾನುವಾರ ಅವನ ಮನೆಗೆ ಹೋದೆವು. ಚಹಾ ಕೊಟ್ಟ, ಮರ್ಯಾದೆಯಿಂದ ಮಾತಾಡಿದ. "ಅಣ್ಣ, ಅದು ಆಡುವುದು, ಕಚ್ಚುವುದಲ್ಲ" ಎಂದ. "ಹೆದರಿದವರನ್ನು ಮಾತ್ರ ಅಟ್ಟಿಸುತ್ತದೆ, ಹೆದರಬೇಡಿ ಅಂತ ನಿಮ್ಮ ಹುಡುಗರಿಗೆ ಹೇಳಿ" ಎಂದ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನೂ ಹೇಳಿದ. ಆ ಗಾದೆ ಕಟ್ಟಿದವನು ನಮ್ಮ ಚಾಳಿನಲ್ಲಿ ಬಾಡಿಗೆಗೆ ಇದ್ದವನಲ್ಲ. ಭಯ ಎನ್ನುವುದು ಒಬ್ಬನು ಬೇಕೆಂದಾಗ ಚಪ್ಪಲಿಯಂತೆ ಕಳಚಿ ಬಾಗಿಲಲ್ಲಿ ಇಡುವ ವಸ್ತುವೇ? ಒಮ್ಮೆ ಕಡಿಸಿಕೊಂಡವನ ಕಾಲು ತಾನಾಗಿಯೇ ಓಡುತ್ತದೆ, ಓಡುವುದನ್ನು ಅಟ್ಟಿಸುವುದು ನಾಯಿಯ ಹುಟ್ಟುಗುಣ. ಇದರಲ್ಲಿ ಇಬ್ಬರದೂ ತಪ್ಪಿಲ್ಲ. ಬಿಚ್ಚಿಬಿಟ್ಟವನದು ಮಾತ್ರ ಇದೆ.

ನಮ್ಮ ಜೊತೆ ಬಂದಿದ್ದ ಹಿರಿಯರೊಬ್ಬರೇ ಒಡೆಯನ ಪರವಾಗಿ ಒಂದು ಮಾತು ಹೇಳಿದರು. "ಊರಿನಲ್ಲಿ ನಾಯಿಯನ್ನು ಯಾರು ಕಟ್ಟುತ್ತಾರೆ ಮಾರಾಯ್ರೆ?" ಮಾತು ಸರಿಯೇ. ನನ್ನ ಅಜ್ಜನ ಮನೆಯಲ್ಲೂ ನಾಯಿ ಬಿಡುವಾಗಿಯೇ ಇತ್ತು. ಆದರೆ ಅಲ್ಲಿ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಎರಡು ಗದ್ದೆ, ಒಂದು ತೋಡು. ಬರುವವನು ದಣಪೆಯ ಆಚೆಯೇ ನಿಂತು ಕೂಗುತ್ತಿದ್ದ, ಒಳಗಿನವರು ಬಂದು ನಾಯಿಯನ್ನು ಹಿಡಿದ ಮೇಲೆ ಒಳಗೆ ಬರುತ್ತಿದ್ದ. ನಾಯಿಗೆ ಇಡೀ ಊರಿನ ವಾಸನೆ ಗೊತ್ತಿತ್ತು. ಇಲ್ಲಿ ಒಂದು ಗ್ಯಾಲರಿಗೆ ಇಪ್ಪತ್ತು ಬಾಗಿಲು, ಒಂದು ಬಾಗಿಲ ಹಿಂದೆ ಹತ್ತು ಹುಡುಗರು, ತಿಂಗಳಿಗೆ ಇಬ್ಬರು ಊರಿಗೆ ಹೋಗಿ ಮೂವರು ಹೊಸಬರು ಬರುತ್ತಾರೆ. ನಾಯಿ ಯಾರ ಗುರುತು ಇಟ್ಟುಕೊಂಡೀತು? ತನ್ನ ಅಂಗಳ ಎಲ್ಲಿಗೆ ಮುಗಿಯಿತೆಂದು ಅದಕ್ಕೆ ಹೇಗೆ ತಿಳಿದೀತು? ಹಳ್ಳಿಯ ಅಭ್ಯಾಸವನ್ನು ಚಾಳಿಗೆ ತಂದರೆ ಅಂಗಳವಿಲ್ಲದ ಕಡೆ ಇಡೀ ಓಣಿಯೇ ಅದರ ಅಂಗಳವಾಗುತ್ತದೆ.

ಇನ್ನು ನಮ್ಮ ಕಡೆಯ ಕೆಲವರ ಮಾತು. ಮಣಿಕಟ್ಟು ಮುರಿದ ದಿನ ರಾತ್ರಿ ಖೋಲಿಯಲ್ಲಿ ಕೂತು ನಾಲ್ಕೈದು ಹುಡುಗರು, "ಒಂದು ತುಂಡಿನಲ್ಲಿ ವಿಷ ಇಟ್ಟರೆ ಬೆಳಗಾಗುವುದರೊಳಗೆ ತೀರಿತು" ಎಂದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಕಾನೂನಿನ ಲೆಕ್ಕ ಒಮ್ಮೆ ನೋಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಲ್ಲಿ, ತನ್ನ ಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ನೋಡಿಕೊಳ್ಳದೆ ಉದಾಸೀನ ಮಾಡಿದವನಿಗೆ ಹೆಚ್ಚೆಂದರೆ ಆರು ತಿಂಗಳ ಸಜೆ, ಇಲ್ಲವೆ ಐದು ಸಾವಿರ ರೂಪಾಯಿ ತನಕ ದಂಡ, ಇಲ್ಲವೆ ಎರಡೂ. ಹಿಂದಿನ ದಂಡ ಸಂಹಿತೆಯ 289ನೇ ಕಲಮಿನಲ್ಲಿ ದಂಡ ಬರೇ ಒಂದು ಸಾವಿರವಿತ್ತು. ಅದೇ ಹೊಸ ಸಂಹಿತೆಯ 325ನೇ ಕಲಮಿನಲ್ಲಿ, ಪ್ರಾಣಿಗೆ ವಿಷ ಹಾಕಿ ಕೊಂದವನಿಗೆ ಅಥವಾ ಅಂಗಭಂಗ ಮಾಡಿದವನಿಗೆ ಐದು ವರ್ಷಗಳ ತನಕ ಸಜೆ. ಬಿಚ್ಚಿಬಿಟ್ಟವನಿಗೆ ಆರು ತಿಂಗಳು, ವಿಷ ಹಾಕಿದವನಿಗೆ ಐದು ವರ್ಷ! ನಾಯಿ ಸತ್ತ ಮರುದಿನ ಪೋಲೀಸರು ಮೊದಲು ಬರುವುದು ಹತ್ತು ಹುಡುಗರ ಖೋಲಿಗೇ ಹೊರತು ಟೆಂಪೋ ಮಾಲಿಕನ ಮನೆಗಲ್ಲ. ಓಣಿಯಲ್ಲಿ ಇಟ್ಟ ವಿಷ ನಾಯಿಯ ಬಾಯಿಗೇ ಹೋಗುತ್ತದೆ, ಮಗುವಿನ ಕೈಗೆ ಸಿಗುವುದಿಲ್ಲ ಎಂದು ಯಾರು ಬರೆದುಕೊಟ್ಟಾರು? ಇಷ್ಟಲ್ಲದೆ, ಸರಪಳಿಯಲ್ಲಿ ಹನ್ನೆರಡು ತಾಸು ಕೂರುವ ಪ್ರಾಣಿಯನ್ನು ಕೊಂದು ನಾವು ಯಾರ ಮೇಲೆ ಗೆದ್ದಂತಾಯಿತು? ಒಡೆಯ ಇನ್ನೊಂದು ಮರಿ ತರುತ್ತಾನೆ.

ಈ ನಗರವೇ ಕೊಲ್ಲುವ ದಾರಿಯನ್ನು ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿದು ನೋಡಿದೆ. 1832ರಲ್ಲಿ ಬ್ರಿಟಿಷರ ಸರಕಾರ ನಾಯಿಯೊಂದಕ್ಕೆ ಇಂತಿಷ್ಟು ಇನಾಮೆಂದು ಸಾರಿದಾಗ, ಇನಾಮಿನ ಆಸೆಗೆ ಬಿದ್ದ ಪೇದೆಗಳು ಜನರು ಸಾಕಿದ ನಾಯಿಗಳನ್ನೂ ಹಿಡಿಯಹೊರಟರು. ಆ ವರ್ಷದ ಜೂನ್ 6ರಂದು ಪಾರ್ಸಿಗಳು ರೊಚ್ಚಿಗೆದ್ದು ಕೋಟೆಯಲ್ಲಿ ದಂಗೆಯೇ ಆಯಿತು. ಆ ಮೇಲೂ 1990ರ ದಶಕದ ತನಕ ಪಾಲಿಕೆಯವರು ನಾಯಿಗಳನ್ನು ಹಿಡಿದು ಕೊಲ್ಲುತ್ತಲೇ ಇದ್ದರು. ನಾಯಿಗಳು ಮುಗಿದವೇ? ಇದನ್ನು ವಿಷದ ಮಾತಾಡುವ ಹುಡುಗರಿಗಾಗಿ ಬರೆದೆ.

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯ. ಕಾನೂನು, ಅರ್ಜಿ ಇವೆಲ್ಲ ನಾಳೆಯ ಮಾತು. ನಾಯಿ ಕಡಿದ ರಾತ್ರಿ ಏನು ಮಾಡಬೇಕೆಂಬುದನ್ನು ದಯವಿಟ್ಟು ಬಾಯಿಪಾಠ ಮಾಡಿಕೊಳ್ಳಿ, ಓದಲು ಬಾರದ ಹುಡುಗರಿಗೆ ಓದಿ ಹೇಳಿ. ಗಾಯವನ್ನು ನಲ್ಲಿಯ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು. ಹದಿನೈದು ನಿಮಿಷವೆಂದರೆ ಗಡಿಯಾರ ನೋಡಿ ಹದಿನೈದು ನಿಮಿಷ, ಸುಮ್ಮನೆ ನೀರು ಚಿಮುಕಿಸುವುದಲ್ಲ. ನಲ್ಲಿಯಲ್ಲಿ ಆ ಹೊತ್ತಿಗೆ ನೀರಿಲ್ಲದಿದ್ದರೆ ಪಿಂಪಿನಿಂದ ಒಬ್ಬರು ಸುರಿಯುತ್ತಿರಿ, ನಾಳೆ ಕುಡಿಯುವ ನೀರಿಗೆ ಬೇರೆ ದಾರಿ ನೋಡೋಣ. ಅರಸಿನ, ಸುಣ್ಣ, ಮೆಣಸಿನಪುಡಿ, ಸೀಮೆಎಣ್ಣೆ, ಹೊಗೆಸೊಪ್ಪು ಯಾವುದನ್ನೂ ಹಚ್ಚಬಾರದು. ಬಿಗಿಯಾಗಿ ಕಟ್ಟಬಾರದು. ಅದೇ ರಾತ್ರಿ, ತೀರಾ ಆಗದಿದ್ದರೆ ಬೆಳಗಾಗುತ್ತಲೇ, ಪಾಲಿಕೆಯ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಪರೇಲಿನ ಕೆ.ಇ.ಎಂ., ಸಾಯನ್, ನಾಯರ್ ಇವೆಲ್ಲ ಹತ್ತಿರವೇ ಇವೆ. ಪಾಲಿಕೆಯ ಆಸ್ಪತ್ರೆಗಳಲ್ಲಿ ಈ ಲಸಿಕೆಗೆ ದುಡ್ಡಿಲ್ಲ.

ನಮ್ಮವರು ಆಸ್ಪತ್ರೆಗೆ ಹೋಗದಿರುವುದಕ್ಕೆ ಪಗಾರ ಕಡಿತದ ಭಯದಷ್ಟೇ ದೊಡ್ಡ ಇನ್ನೊಂದು ಭಯವಿದೆ, ಹೊಟ್ಟೆಗೆ ಹದಿನಾಲ್ಕು ಸೂಜಿ. ಅಜ್ಜನ ಕಾಲದಿಂದ ಕೇಳಿದ ಕತೆ. ಅದು ಸುಳ್ಳಲ್ಲ, ಆದರೆ ಹಳತು. ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಎಂಬ ಡಾಕ್ಟರು ತಯಾರಿಸಿದ, ಕುರಿಯ ಮಿದುಳಿನಿಂದ ಮಾಡುತ್ತಿದ್ದ ಆ ಹಳೆಯ ಲಸಿಕೆಯನ್ನು ಹೊಟ್ಟೆಯ ಚರ್ಮಕ್ಕೆ ದಿನಾ ಚುಚ್ಚುತ್ತಿದ್ದರು. ನಮ್ಮ ದೇಶದಲ್ಲಿ 2005ರ ಹೊತ್ತಿಗೆ ಅದು ನಿಂತೇಹೋಯಿತು. ಈಗಿನ ಲಸಿಕೆಯನ್ನು ತೋಳಿಗೆ ಕೊಡುತ್ತಾರೆ. ಮೊದಲ ಸೂಜಿಯ ದಿನವನ್ನು ಸೊನ್ನೆಯೆಂದು ಎಣಿಸಿ, ಆಮೇಲೆ 3, 7 ಮತ್ತು 28ನೇ ದಿನ. ಸ್ನಾಯುವಿಗೆ ಕೊಡುವ ಕ್ರಮವಾದರೆ 14ನೇ ದಿನವೂ ಒಂದು. ರಕ್ತ ಬಂದ ಗಾಯವಾಗಿದ್ದರೆ ಗಾಯದ ಸುತ್ತಲೇ ಚುಚ್ಚುವ ಇನ್ನೊಂದು ಔಷಧವೂ ಬೇಕಾಗುತ್ತದೆ, ಸೀರಮ್ ಎನ್ನುತ್ತಾರೆ. ಕೇಳಿ ಹಾಕಿಸಿಕೊಳ್ಳಿ. ಎರಡು ಸೂಜಿಯಾದ ಮೇಲೆ ಗಾಯ ಒಣಗಿತೆಂದು ಬಿಟ್ಟುಬಿಡುವವರು ಬಹಳ. ಗಾಯ ಒಣಗುವುದಕ್ಕೂ ರೋಗಕ್ಕೂ ಸಂಬಂಧವಿಲ್ಲ. ಹುಚ್ಚುನಾಯಿ ರೋಗದ ವಿಷಾಣು ನರದ ದಾರಿಯಲ್ಲಿ ಮೆಲ್ಲಗೆ ಮಿದುಳಿಗೆ ಏರುತ್ತದೆ. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು, ಕೆಲವು ಸಲ ವರ್ಷವೂ ಆಗುತ್ತದೆ. ನೀರು ಕಂಡರೆ ಗಂಟಲು ಬಿಗಿಯುವ ಲಕ್ಷಣ ತೋರಿದ ಮೇಲೆ ಬದುಕಿದವರು ಇಲ್ಲವೆನ್ನುವಷ್ಟು ಕಡಿಮೆ. ಅಷ್ಟರ ಮೊದಲು ಸರಿಯಾಗಿ ಸೂಜಿ ಹಾಕಿಸಿಕೊಂಡವರು ಬದುಕುತ್ತಾರೆ. 1885ರ ಜುಲೈ 6ರಂದು ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರ್ ಒಂಬತ್ತು ವರ್ಷದ ಒಬ್ಬ ಹುಡುಗನಿಗೆ ಇಂಥ ಲಸಿಕೆಯನ್ನು ಮೊದಲ ಸಲ ಕೊಡಿಸಿದಾಗಿನಿಂದ ಲೋಕಕ್ಕೆ ತಿಳಿದ ಸಂಗತಿಯಿದು. ಇಷ್ಟು ವರ್ಷದ ಮೇಲೂ ಮುಂಬಯಿಯಂಥ ಊರಿನಲ್ಲಿ ಒಬ್ಬ ಹುಡುಗ ಅರಸಿನ ಮೆತ್ತಿ ಮಲಗಿದನೆಂದರೆ, ಅವನನ್ನು ಬೈದು ಪ್ರಯೋಜನವಿಲ್ಲ. ಅವನಿಗೆ ಒಂದು ದಿನದ ರಜೆ ಕೊಡದ ಹೊಟೇಲಿನವರನ್ನೂ ಅವನ ಪಕ್ಕದಲ್ಲೇ ಮಲಗಿ ಕೇಳದ ನಮ್ಮನ್ನೂ ಬೈಯಬೇಕು.

ನಾಯಿಗೆ ಲಸಿಕೆಯಾಗಿದೆ ಎಂದು ಒಡೆಯ ಬಾಯಲ್ಲಿ ಹೇಳಿದ್ದನ್ನು ನಂಬಿ ಸುಮ್ಮನಿರಬೇಡಿ, ಚೀಟಿ ನೋಡಿ ಡಾಕ್ಟರು ಹೇಳಲಿ. ಕಡಿದ ಸಾಕುನಾಯಿಯನ್ನು ಹತ್ತು ದಿನ ಕಟ್ಟಿಟ್ಟು ಗಮನಿಸಬೇಕು. ಹತ್ತು ದಿನ ಅದು ಆರೋಗ್ಯವಾಗಿ ಉಳಿದರೆ ಡಾಕ್ಟರು ಮುಂದಿನ ಸೂಜಿಗಳನ್ನು ಬಿಡಿಸಿಯಾರು. ಆದರೆ ಹತ್ತು ದಿನ ಕಾದು ಮೊದಲ ಸೂಜಿ ಹಾಕಿಸುವುದಲ್ಲ. ನಾಯಿಯನ್ನು ಕೊಂದವರಿಗೆ ಈ ಗಮನಿಸುವ ದಾರಿಯೂ ಇಲ್ಲವಾಗುತ್ತದೆ, ಅದೂ ನೆನಪಿರಲಿ.

ಎದುರಿಗೆ ಬಂದಾಗ ಏನು ಮಾಡಬೇಕೆಂದು ಹುಡುಗರು ಕೇಳುತ್ತಾರೆ. ಓಡಬೇಡಿ. ಅದರ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಕೈ ಕೆಳಗೆ ಬಿಟ್ಟು ಪಕ್ಕಕ್ಕೆ ತಿರುಗಿ ನಿಂತು, ಮೆಲ್ಲಗೆ ಹಿಂದೆ ಸರಿಯಿರಿ. ಚೀಲವೋ ಛತ್ರಿಯೋ ಇದ್ದರೆ ನಡುವೆ ಹಿಡಿಯಿರಿ, ಬೀಸಬೇಡಿ. ಬಿದ್ದೇ ಬಿಟ್ಟರೆ ಮುದುಡಿಕೊಂಡು ಕುತ್ತಿಗೆ, ಮುಖ ಮುಚ್ಚಿಕೊಳ್ಳಿ. ಕೊನೆಯ ಲೋಕಲಿನಲ್ಲಿ ನಮ್ಮ ಚಾಳಿನವರೇ ಏಳೆಂಟು ಮಂದಿ ಬೇರೆ ಬೇರೆ ಡಬ್ಬಿಯಲ್ಲಿ ಬರುತ್ತಾರೆ. ಸ್ಟೇಷನ್ನಿನ ಸೇತುವೆಯ ಕೆಳಗೆ ಐದು ನಿಮಿಷ ಕಾದು ಒಟ್ಟಿಗೆ ನಡೆದರೆ ಅರ್ಧ ಕಷ್ಟ ಪರಿಹಾರ. ವಡೆಯೂ ಉಳಿಯಿತು.

ಆದರೆ ಒಟ್ಟಿಗೆ ನಡೆಯುವುದು ನಮ್ಮ ರಕ್ಷಣೆಯಾಯಿತೇ ಹೊರತು ನ್ಯಾಯವಾಗಲಿಲ್ಲ. ಒಡೆಯನಿಂದ ನಾವು ಕೇಳುವುದು ನಾಯಿಯನ್ನು ಬಿಟ್ಟುಬಿಡು ಎಂದಲ್ಲ. ಸಾಕಬಾರದು ಎಂದು ಹೇಳುವುದಕ್ಕೆ ಚಾಳಿನ ಕಮಿಟಿಗೂ ಸೊಸಾಯಿಟಿಗೂ ಅಧಿಕಾರವಿಲ್ಲವೆಂದು ಪ್ರಾಣಿ ಕಲ್ಯಾಣ ಮಂಡಳಿಯ ಸೂಚನೆಯಿದೆ, ಅದು ಒಳ್ಳೆಯದೇ. ಸಾಕಲಿ. ಆದರೆ ಬಾಗಿಲಿನಿಂದ ಹೊರಗೆ ಬರುವಾಗ ಹಗ್ಗದ ತುದಿ ಮನುಷ್ಯನ ಕೈಯಲ್ಲಿರಲಿ. ಹಗಲು ಮೂರಡಿ ಸರಪಳಿಯ ಬದಲು ಬೆಳಿಗ್ಗೆ ಸಂಜೆ ಅರ್ಧ ತಾಸು ತಿರುಗಾಡಿಸಲಿ. ಗಂಡು ನಾಯಿಯಾದ್ದರಿಂದ ಸಂತಾನಹರಣ ಮಾಡಿಸಿದರೆ ಅಲೆಯುವ ಚಪಲವೂ ಕಡಿಮೆಯಾಗುತ್ತದೆ. ಟೆಂಪೋ ಕಾಯಬೇಕಿದ್ದರೆ ಟೆಂಪೋದ ಹತ್ತಿರ ಕಟ್ಟಲಿ, ನಮ್ಮ ಮೆಟ್ಟಿಲ ಹತ್ತಿರ ಯಾಕೆ? ಮುಂಬಯಿಯಲ್ಲಿ ನಾಯಿ ಸಾಕುವವನು ಪಾಲಿಕೆಯ ಲೈಸೆನ್ಸು ಪಡೆದು ವರ್ಷ ವರ್ಷ ನವೀಕರಿಸಬೇಕು, ಅದಕ್ಕೆ ಲಸಿಕೆಯ ಚೀಟಿ ಬೇಕು. ಆ ಎರಡು ಕಾಗದ ತೋರಿಸೆಂದು ಕೇಳುವುದು ಅವಮಾನವಲ್ಲ. ಹೊಟೇಲಿನಲ್ಲಿ ಕೆಲಸಕ್ಕೆ ಸೇರುವಾಗ ನಮ್ಮ ಹತ್ತು ಕಾಗದ ಕೇಳುತ್ತಾರಲ್ಲ.

ಬಾಯಿಮಾತಿನ ಭೇಟಿ ಆಯಿತು. ತಿಂಗಳ ಬಳಿಕ ಹದಿನೆಂಟು ಮಂದಿಯ ರುಜು ಹಾಕಿ ಕಾಗದವನ್ನೂ ಕೊಟ್ಟೆವು. ಅದರಿಂದ ಏನೂ ಆಗಲಿಲ್ಲವೆಂದು ಹೇಳಲಾರೆ. ಹನ್ನೊಂದಕ್ಕೆ ಬಿಚ್ಚುತ್ತಿದ್ದವನು ಈಗ ಹನ್ನೆರಡೂವರೆಗೆ ಬಿಚ್ಚುತ್ತಾನೆ. ಸಿನಿಮಾ ಬಿಟ್ಟು ಬರುವವರು ಪಾರಾದರು, ನಾವು ಹಾಗೇ ಉಳಿದೆವು. ಹಾಗಾಗಿ ಮುಂದಿನ ಹೆಜ್ಜೆ ವಾರ್ಡು ಆಫೀಸು ಮತ್ತು ಪೋಲೀಸು ಚೌಕಿ. ಅಲ್ಲಿ ಎನ್.ಸಿ. ಬರೆದುಕೊಂಡು ಕಳಿಸಿಬಿಡುವುದು ರೂಢಿ. 291ನೇ ಕಲಮಿನ ಅಪರಾಧ ಪೋಲೀಸರು ಕೋರ್ಟಿನ ಅಪ್ಪಣೆಗೆ ಕಾಯದೆ ದಾಖಲು ಮಾಡಿ ತನಿಖೆ ನಡೆಸಬಹುದಾದದ್ದು ಎಂಬುದನ್ನು ಹೋಗುವವರು ತಿಳಿದುಕೊಂಡು ಹೋಗಬೇಕು. ಆಸ್ಪತ್ರೆಯ ಕೇಸ್‌ಪೇಪರ್, ಗಾಯದ ಚಿತ್ರ, ತಾರೀಖು, ಹೊತ್ತು, ನೋಡಿದವರ ಹೆಸರು ಇವು ಕೈಯಲ್ಲಿರಬೇಕು. ಕೇಸ್‌ಪೇಪರನ್ನು ಸೂಜಿಯ ತಾರೀಖು ಮುಗಿದ ಮೇಲೆ ಬಿಸಾಡುವ ಅಭ್ಯಾಸ ಬಿಡಿ.

ಕೋರ್ಟು ಬೇಗ ತೀರ್ಮಾನ ಕೊಡುತ್ತದೆಂದು ಆಸೆ ಹುಟ್ಟಿಸಲು ನನಗೆ ಮನಸ್ಸಿಲ್ಲ. ಇದೇ ನಗರದ ದಕ್ಷಿಣ ಭಾಗದಲ್ಲಿ 2010ರಲ್ಲಿ ಒಬ್ಬ ವೃದ್ಧರನ್ನು ಸಾಕುನಾಯಿ ಕಡಿದ ಪ್ರಕರಣಕ್ಕೆ 2023ರಲ್ಲಿ ಗಿರ್ಗಾಂವ್ ಕೋರ್ಟು ಒಡೆಯನಿಗೆ ಮೂರು ತಿಂಗಳ ಸಜೆ ಹೇಳಿತು. ವರಳಿಯಲ್ಲಿ 2018ರಲ್ಲಿ ಲಿಫ್ಟಿನೊಳಗೆ ಕಡಿದದ್ದಕ್ಕೆ 2025ರಲ್ಲಿ ನಾಲ್ಕು ತಿಂಗಳ ಸಜೆಯಾಯಿತು. ಹದಿಮೂರು ವರ್ಷ, ಏಳು ವರ್ಷ! ಅವರೆಲ್ಲ ಲಿಫ್ಟಿರುವ ಮನೆಗಳವರು, ವಕೀಲರನ್ನು ಇಟ್ಟುಕೊಳ್ಳಬಲ್ಲವರು. ನಮ್ಮ ಕ್ಲೀನರ್ ಹುಡುಗ ಏಳು ವರ್ಷದೊಳಗೆ ಐದು ಹೊಟೇಲು ಬದಲಿಸಿರುತ್ತಾನೆ, ಸಾಕ್ಷಿ ಹೇಳಲು ಯಾರು ಅವನನ್ನು ಹುಡುಕಿಯಾರು? ಆದರೆ ಚೌಕಿಯ ಪುಸ್ತಕದಲ್ಲಿ ಒಂದು ಸಲ ಹೆಸರು ಬಿದ್ದರೆ ಸಜೆಯಾಗದಿದ್ದರೂ ಹಗ್ಗ ತಾನಾಗಿ ಬರುತ್ತದೆ. ನಮಗೆ ಬೇಕಾದದ್ದು ಅವನ ಸಜೆಯಲ್ಲ, ನಾಯಿಗೆ ಹಗ್ಗ.

ಇ.ಎಸ್.ಐ. ಇರುವವರಿಗೆ ಇನ್ನೊಂದು ಮಾತು. ಕೆಲಸಕ್ಕೆ ಹೋಗುವ ಬರುವ ದಾರಿಯಲ್ಲಿ ಆದ ಅಪಘಾತವನ್ನು, ಕೆಲಸದೊಂದಿಗೆ ಅದರ ಸಂಬಂಧ ಕಂಡುಬಂದಲ್ಲಿ, ಕೆಲಸದಲ್ಲಿ ಆದ ಗಾಯವೆಂದೇ ಎಣಿಸಬೇಕೆಂದು 2010ರ ತಿದ್ದುಪಡಿಯಲ್ಲಿ ಬಂದಿತ್ತು. ಈಗಿನ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದು ಉಳಿದಿದೆ. ರಾತ್ರಿ ಪಾಳಿ ಮುಗಿಸಿ ಬರುವಾಗ ಆದ ನಾಯಿಕಡಿತವೂ ಅದರಲ್ಲಿ ಸೇರಬೇಕೆಂಬುದು ನನ್ನ ವಾದ. ಯಾರಾದರೊಬ್ಬರು ಅರ್ಜಿ ಹಾಕಿದರೆ ಸಂಘ ಹಿಂದೆ ನಿಲ್ಲಬೇಕು.

ಕೊನೆಯದಾಗಿ, ಯಾರೂ ಗಟ್ಟಿಯಾಗಿ ಹೇಳದ ಮಾತು. ಒಡೆಯ ನಮ್ಮ ಸಂಘದ ವಾರ್ಷಿಕೋತ್ಸವಕ್ಕೆ ಪ್ರತಿ ವರ್ಷ ದೇಣಿಗೆ ಕೊಡುವವನು. ಮಕ್ಕಳ ಪುಸ್ತಕ ಹಂಚಿಕೆಗೂ ಕೊಟ್ಟಿದ್ದಾನೆ, ಆ ಋಣ ನಾನು ಮರೆತಿಲ್ಲ. ಕಾರ್ಯಕಾರಿ ಸಮಿತಿಯಲ್ಲಿ ಇಬ್ಬರು, "ನಮ್ಮವನ ಮೇಲೆ ನಾವೇ ಚೌಕಿಗೆ ಹೋಗುವುದು ಚೆನ್ನಾಗಿ ಕಾಣುವುದಿಲ್ಲ" ಎಂದರು. ನಾಯಿಯ ಒಡೆಯ ಪರಭಾಷೆಯವನಾಗಿದ್ದರೆ ಇದೇ ಇಬ್ಬರು ಕಡಿದ ಮರುದಿನವೇ ಕನ್ನಡಿಗರ ಮೇಲೆ ಅನ್ಯಾಯವೆಂದು ಸಭೆ ಕರೆಯುತ್ತಿದ್ದರೆಂದು ನನಗೆ ಚೆನ್ನಾಗಿ ಗೊತ್ತು. ಕಡಿಸಿಕೊಂಡ ಹುಡುಗನೂ ನಮ್ಮವನಲ್ಲವೇ? ಅವನು ವರ್ಷಕ್ಕೆ ಕೊಡುವ ವರ್ಗಣಿ ಸಣ್ಣದು, ದೇಣಿಗೆ ದೊಡ್ಡದು, ಅಷ್ಟೇ ವ್ಯತ್ಯಾಸ. ದೇಣಿಗೆ ಕೊಟ್ಟವರ ನಾಯಿಗೆ ಸಂಘ ಹೆದರುವುದಾದರೆ ವರ್ಗಣಿ ಕೊಟ್ಟವರು ಯಾರ ಹತ್ತಿರ ಹೋಗಬೇಕೆಂದು ಆ ಇಬ್ಬರು ಮುಂದಿನ ಸಂಚಿಕೆಯಲ್ಲಿ ಬರೆದು ತಿಳಿಸಲಿ.

ವಾರ್ಡು ಆಫೀಸಿಗೂ ಚೌಕಿಗೂ ಕೊಡುವ ಅರ್ಜಿಯನ್ನು ಮರಾಠಿಯಲ್ಲಿ ಬರೆಸಿ ಸಂಘದ ಕೊಠಡಿಯಲ್ಲಿ ಇಟ್ಟಿದೆ. ಸೋಮವಾರ ಮಧ್ಯಾಹ್ನ ಮೂರರಿಂದ ಐದರ ತನಕ ನಾನು ಅಲ್ಲೇ ಇರುತ್ತೇನೆ. ರುಜು ಹಾಕುವವರು ತಮ್ಮ ಖೋಲಿಯ ನಂಬರು, ಪಾಳಿಯ ಹೊತ್ತು ಹೇಳಿದರೆ ಸಾಕು. ಕಡಿಸಿಕೊಂಡವರು ಮಾತ್ರ ಕೇಸ್‌ಪೇಪರ್ ತರಬೇಕು. ಒಡೆಯ ಅದಕ್ಕೆ ಮುಂಚೆ ಲೈಸೆನ್ಸು, ಲಸಿಕೆಯ ಚೀಟಿ ಮ ತ್ತು ಒಂದು ಹಗ್ಗ ತಂದು ತೋರಿಸಿದರೆ ಅರ್ಜಿಯನ್ನು ಅವನೆದುರಿಗೇ ಹರಿಯುತ್ತೇವೆ, ಚಹಾ ಈ ಸಲ ಸಂಘದ್ದು.